ಹೆಸರು ಕೇಳಿ, ಕಸುಬು ಕಲಿಸಿ

ನಮ್ಮ ಬೀದಿಯ ದರ್ಶಿನಿಯಲ್ಲಿ ಟೇಬಲ್ ಒರೆಸುವ ಹುಡುಗನನ್ನು ಎಲ್ಲರೂ ‘ಭಯ್ಯಾ’ ಅನ್ನುತ್ತಾರೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟ್ ಮೂಟೆ ಇಳಿಸುವವನೂ ಭಯ್ಯಾ, ಎದುರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತವನೂ ಭಯ್ಯಾ. ವಿಚಾರಿಸಿದರೆ ಮೊದಲನೆಯವನು ಒಡಿಶಾದ ಗಂಜಾಂ ಜಿಲ್ಲೆಯವನು, ಮೂರನೆಯವನು ಅಸ್ಸಾಮಿನವನು. ನಡುವಿನವನು ಯಾದಗಿರಿ ಕಡೆಯಿಂದ ಗುಳೆ ಬಂದ, ಕನ್ನಡವನ್ನೇ ಆಡುವ ಹುಡುಗ. ಅವನನ್ನೂ ಗಿರಾಕಿಗಳು ಹಿಂದಿಯಲ್ಲೇ ಮಾತಾಡಿಸುತ್ತಾರೆ. ಮೂವರೂ ಇಪ್ಪತ್ತರ ಆಸುಪಾಸಿನವರು, ಬಂದು ವರ್ಷಗಳೇ ಆದವು. ಈ ಊರಿನಲ್ಲಿ ಅವರ ಹೆಸರು ಬಲ್ಲವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಹೋಟೆಲು, ಬೇಕರಿ, ಗ್ಯಾರೇಜು, ಪ್ರೆಸ್ಸು, ಬಡಗಿ ಕೆಲಸ, ಬಟ್ಟೆ ಅಂಗಡಿ ನಡೆಸುವ ಓದುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗಿನಿಂದ ಬಂದ ಎಳೆಯರಿಗೆ ಕೆಲಸ ಕೊಡುವುದು ಅರ್ಧ ಕೆಲಸವಷ್ಟೇ. ಕಷ್ಟಸುಖ ಹೇಳಿಕೊಳ್ಳಲು ಊರಿನಲ್ಲಿ ಒಬ್ಬ ಮನುಷ್ಯ, ಕೈಗೆ ಹತ್ತಿ ಉಳಿಯುವ ಒಂದು ಕಸುಬು, ಇವೆರಡೂ ಸಿಕ್ಕ ದಿನ ಆ ಹುಡುಗ ಅಥವಾ ಹುಡುಗಿ ಇಲ್ಲಿಯವರಾಗುತ್ತಾರೆ. ಎರಡನ್ನೂ ಒಂದು ಸಣ್ಣ ಅಂಗಡಿ ಕೊಡಬಲ್ಲದು. ಅದಕ್ಕೆ ಒಳ್ಳೆಯ ಮನಸ್ಸು ಬೇಕು, ಜೊತೆಗೆ ಒಂದಿಷ್ಟು ಕ್ರಮವೂ ಬೇಕು.

ಇದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಕಳೆದ ಶತಮಾನದಲ್ಲಿ ಉಡುಪಿ, ಕುಂದಾಪುರ, ಕಾರ್ಕಳದ ಹಳ್ಳಿಗಳಿಂದ ಹುಡುಗರು ಗುಂಪುಗುಂಪಾಗಿ ಮುಂಬೈಗೆ ಹೋದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದರು, ಸಂಜೆ ಕನ್ನಡ ರಾತ್ರಿ ಶಾಲೆಗೆ ನಡೆದರು. ಮೊಗವೀರರ, ಬಿಲ್ಲವರ ಸಂಘಗಳೂ ಬೇರೆ ಕನ್ನಡ ಸಂಸ್ಥೆಗಳೂ ಆ ಶಾಲೆಗಳನ್ನು ನಡೆಸಿದವು. ಅಲ್ಲಿ ಓದಿದವರು ವಕೀಲರಾದರು, ಬ್ಯಾಂಕಿಗೆ ಸೇರಿದರು, ಸ್ವಂತ ಹೋಟೆಲು ತೆರೆದರು. ಸಂಜೆ ಗಿರಾಕಿಗಳ ನೂಕುನುಗ್ಗಲಿನಲ್ಲೂ ‘ನೀನು ಶಾಲೆಗೆ ಹೊರಡು’ ಎಂದ ಗಲ್ಲಾಪೆಟ್ಟಿಗೆಯ ಮಾಲೀಕ ಆ ಶಾಲೆಗಳ ಮೇಷ್ಟರಷ್ಟೇ ದೊಡ್ಡ ಕೆಲಸ ಮಾಡಿದ. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮನಾಯಕರು ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಮುಂಬೈಯ ಅಡುಗೆಮನೆಗಳಲ್ಲಿ ದುಡಿದವರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆಯ ಕೃಷ್ಣರಾಯರೂ ಇನ್ನೊಬ್ಬರ ಅಡುಗೆಮನೆಯಲ್ಲಿ ರುಬ್ಬುತ್ತಾ ಕಲಿತವರೇ. ಬೆಂಗಳೂರಿನ ಮೂಲೆಮೂಲೆಯ ಅಯ್ಯಂಗಾರ್ ಬೇಕರಿಗಳ ಹಿಂದೆಯೂ ಇದೇ ಕತೆ ಇದೆ. ಹಾಸನದ ಕಡೆಯ ಹಳ್ಳಿಗಳಿಂದ ಬಂದವನು ನೆಂಟರ ಬೇಕರಿಯಲ್ಲಿ ತಟ್ಟೆ ತೊಳೆದು, ಹಿಟ್ಟು ನಾದಿ, ಒಲೆ ಹಿಡಿದು, ಕೊನೆಗೆ ಬೇರೆ ಬಡಾವಣೆಯಲ್ಲಿ ತನ್ನದೇ ಬೋರ್ಡು ತೂಗುಹಾಕುತ್ತಿದ್ದ.

ಅವರಿಗೆಲ್ಲ ಜಾತಿಯ ಅಥವಾ ಊರಿನ ನಂಟು ಆಸರೆಯಾಗಿತ್ತು. ಈಗ ನಮ್ಮ ಬಾಗಿಲಿಗೆ ಬರುವವರಿಗೆ ಇಲ್ಲಿ ಅಂಥ ನಂಟಿಲ್ಲ. ಅದನ್ನು ನಾವು ಹೊಸದಾಗಿ ಕಟ್ಟಬೇಕು.

ಮೊದಲು ವಯಸ್ಸು ನೋಡಿ

ಅಂದು ಹತ್ತು ಹನ್ನೆರಡರ ಮಕ್ಕಳೂ ಮುಂಬೈಗೆ ಹೊರಟಿದ್ದರು. ಅದು ಮರಳಬಾರದು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ನನ್ನ ಸಲಹೆ ಇದಕ್ಕಿಂತ ಸರಳ: 18 ತುಂಬದವರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಡಿ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದು ಮುಖದಲ್ಲಿ ಮೀಸೆ ಚಿಗುರಿರದಿದ್ದರೆ ಶಾಲೆಯ ಕಾಗದ ಕೇಳಿ, ಮನೆಗೆ ಫೋನ್ ಮಾಡಿ. ಮೇಸ್ತ್ರಿಯ ಮಾತನ್ನು ಮಾತ್ರ ನಂಬಬೇಡಿ. ಮಗು ಎಂದು ತಿಳಿದರೆ ಸುಮ್ಮನೆ ವಾಪಸ್ ಕಳಿಸಿ ಕೈತೊಳೆದುಕೊಳ್ಳಬಾರದು, ಅವನು ಹೋಗಿ ಪಕ್ಕದ ಅಂಗಡಿ ಸೇರುತ್ತಾನೆ. 1098ಕ್ಕೆ ಕರೆ ಮಾಡಿ.

ಹನ್ನೊಂದನೆಯ ದಿನ

ಹಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಮುದ್ರಣಾಲಯದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಬೈಂಡಿಂಗ್ ವಿಭಾಗಕ್ಕೆ ಒಡಿಶಾದ ಹುಡುಗನೊಬ್ಬ ಸೇರಿದ. ಚುರುಕಿನ ಕೈ, ಮಾತು ಕಡಿಮೆ. ಹನ್ನೊಂದನೆಯ ದಿನ ಹೇಳದೆ ಕೇಳದೆ ಮಾಯವಾದ. ‘ಇವರೆಲ್ಲ ಹೀಗೇ’ ಎಂದು ನಾವು ನಾಲ್ಕು ಜನ ಮಾತಾಡಿಕೊಂಡೆವು, ಆ ನಾಲ್ವರಲ್ಲಿ ನಾನೂ ಒಬ್ಬ. ತಿಂಗಳ ಮೇಲೆ ಅವನ ಊರಿನವನೇ ಒಬ್ಬ ಸಿಕ್ಕಿ ವಿಷಯ ಹೇಳಿದ. ಹುಡುಗನಿಗೆ ಹಲ್ಲುನೋವು ಬಂದು ಕೆನ್ನೆ ಊದಿತ್ತಂತೆ. ಎಲ್ಲಿಗೆ ಹೋಗಬೇಕು, ಯಾರಿಗೆ ಹೇಳಬೇಕು, ರಜೆ ಕೇಳಿದರೆ ಕೆಲಸ ಹೋಗುತ್ತದೋ ಏನೋ, ಯಾವುದೂ ತಿಳಿಯದೆ ಮೂರು ರಾತ್ರಿ ನರಳಿ, ಕೊನೆಗೆ ರೈಲು ಹತ್ತಿದ್ದ. ಅಷ್ಟು ದಿನದ ಸಂಬಳವನ್ನೂ ಬಿಟ್ಟು ಹೋಗಿದ್ದ. ಒಂದು ರಸ್ತೆಯಾಚೆ ದಂತವೈದ್ಯರ ಕ್ಲಿನಿಕ್ ಇತ್ತು.

ಈ ನೆನಪು ನನ್ನನ್ನು ಇಂದಿಗೂ ಚುಚ್ಚುತ್ತದೆ. ಮೊದಲ ಹದಿನೈದು ದಿನಗಳ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ. ಬಿಟ್ಟು ಹೋಗುವವರಲ್ಲಿ ಬಹಳ ಮಂದಿ ಹೋಗುವುದು ಆಗಲೇ. ಕಾರಣ ಸಂಬಳವೇ ಆಗಿರಬೇಕಿಲ್ಲ, ಹಲ್ಲುನೋವು, ನಿದ್ದೆ, ನೀರು, ಊಟ, ಶೌಚಾಲಯದಂಥ ಸಣ್ಣ ಸಂಗತಿಗಳೇ ಸಾಕು.

ಹೊಸಬ ಬಂದ ದಿನ ಅವನನ್ನು ಕೆಲಸಕ್ಕೆ ಹಚ್ಚುವ ಮುಂಚೆ ಒಂದು ಗಂಟೆ ಅವನ ಜೊತೆ ಬೀದಿ ಸುತ್ತಿ. ಔಷಧಿ ಅಂಗಡಿ, ಸರ್ಕಾರಿ ಆಸ್ಪತ್ರೆ, ಬಸ್ ನಿಲ್ದಾಣ, ಎಟಿಎಂ, ಕುಡಿಯುವ ನೀರು ಸಿಗುವ ಜಾಗ, ರೇಷನ್ ಅಂಗಡಿ, ಪೊಲೀಸ್ ಠಾಣೆ ಇವನ್ನು ಕಣ್ಣಾರೆ ತೋರಿಸಿ. ಅಂಗಡಿಗೆ ಮರಳಿ ಮೊದಲು ಮೇನ್ ಸ್ವಿಚ್ ತೋರಿಸಿ, ಆಮೇಲೆ ಯಂತ್ರ. ಹಿಟ್ಟು ನಾದುವ ಮಿಕ್ಸರ್, ಕಾಗದ ಕತ್ತರಿಸುವ ಯಂತ್ರ, ವೆಲ್ಡಿಂಗ್ ಸೆಟ್ಟು ಯಾವುದೇ ಇರಲಿ, ಅದನ್ನು ನಿಲ್ಲಿಸುವುದು ಹೇಗೆಂದು ಅವನೇ ಮೂರು ಸಲ ಮಾಡಿ ತೋರಿಸುವವರೆಗೆ ನಡೆಸಲು ಬಿಡಬೇಡಿ. ‘ನಿಲ್ಸು’, ‘ಕೈ ತೆಗಿ’, ‘ಕರೆಂಟ್ ಇದೆ’, ‘ಬಿಸಿ’, ‘ಹಿಂದೆ ಸರಿ’, ಈ ಐದು ಮಾತುಗಳನ್ನು ಅವತ್ತೇ ಕಲಿಸಬೇಕು. ಬೆರಳು ಹೋಗುವ ಅಪಘಾತದಲ್ಲಿ ಅರೆಕ್ಷಣದ ಅರ್ಥವಾಗದಿರುವಿಕೆಗೂ ಪಾಲಿರುತ್ತದೆ.

ಅವನ ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅವನ ಎದುರೇ ಕರೆ ಮಾಡಿ, ‘ನಿಮ್ಮ ಮಗ ನಮ್ಮಲ್ಲಿ ಸೇರಿದ್ದಾನೆ, ಇದು ನನ್ನ ನಂಬರ್’ ಎಂದು ಹೇಳಿ. ಭಾಷೆ ಬಾರದಿದ್ದರೆ ಅವನೇ ಅನುವಾದ ಮಾಡಲಿ. ದೂರದ ಹಳ್ಳಿಯಲ್ಲಿ ಕೂತ ತಾಯಿಗೆ ಆ ಎರಡು ನಿಮಿಷದ ಕರೆ ಏನು ಎಂಬುದನ್ನು, ಮಕ್ಕಳನ್ನು ದುಬೈಗೋ ಮಸ್ಕತ್ತಿಗೋ ಕಳಿಸಿದ ಕರಾವಳಿಯ ಯಾವ ಮನೆಯಲ್ಲಾದರೂ ಕೇಳಿ ನೋಡಿ.

ಜೊತೆಗಾರ ಎಂಬ ಹುದ್ದೆ

ಗ್ಯಾರೇಜುಗಳಲ್ಲಿ ‘ಉಸ್ತಾದ್’ ಎಂಬ ಮಾತಿದೆ. ಕೆಲಸ ಕಲಿಸಿದವನು ಉಸ್ತಾದ್, ಹುಡುಗ ಎಲ್ಲಿಗೆ ಹೋದರೂ ಆ ಹೆಸರು ಹೇಳುತ್ತಾನೆ. ನಾನು ಹೇಳುವ ಜೊತೆಗಾರ ಅಂಥವನು, ಆದರೆ ಅವನ ಕೆಲಸ ಸ್ಪ್ಯಾನರ್ ಹಿಡಿಯಲು ಕಲಿಸುವಲ್ಲಿಗೆ ಮುಗಿಯುವುದಿಲ್ಲ.

ಯಾರನ್ನು ಜೊತೆಗಾರನನ್ನಾಗಿ ಮಾಡಬೇಕು? ಮಾಲೀಕರು ಸ್ವತಃ ಆಗಬಾರದು. ಸಂಬಳ ಕೊಡುವ ಕೈಗೆ ‘ನನಗೆ ಇದು ಗೊತ್ತಾಗಲಿಲ್ಲ’ ಎಂದು ಹೇಳಲು ಹೊಸಬ ಹೆದರುತ್ತಾನೆ. ಕರೆತಂದ ಮೇಸ್ತ್ರಿ ಅಥವಾ ಗುತ್ತಿಗೆದಾರ ಖಂಡಿತ ಬೇಡ, ಅವನಿಗೆ ಈ ಹುಡುಗನ ಮೇಲೆ ಕಮಿಷನ್ನಿನ ಕಣ್ಣಿರುತ್ತದೆ. ಮಾಲೀಕರ ಭಾವಮೈದುನನೂ ಬೇಡ. ನಾಲ್ಕೈದು ವರ್ಷ ದೊಡ್ಡವನು, ಕೈಕೆಲಸ ಚೆನ್ನಾಗಿ ಬಲ್ಲವನು, ಹರಕುಮುರುಕಾದರೂ ಹಿಂದಿ ಬರುವವನು, ತಾಳ್ಮೆ ಇರುವವನು ಬೇಕು. ಅವನೇ ಒಮ್ಮೆ ಊರು ಬಿಟ್ಟು ಬಂದವನಾಗಿದ್ದರೆ ಇನ್ನೂ ಒಳ್ಳೆಯದು. ರಾಯಚೂರಿನಿಂದ ಬಂದು ಬೆಂಗಳೂರಿನಲ್ಲಿ ‘ಹೌದ್ರೀ’ ಎಂದದ್ದಕ್ಕೆ ನಗೆಪಾಟಲಾದವನಿಗೆ ಅಸ್ಸಾಮಿನ ಹುಡುಗನ ಸಂಕೋಚ ಬೇಗ ಅರ್ಥವಾಗುತ್ತದೆ. ಹುಡುಗಿಯರಿಗೆ ಜೊತೆಗಾರ್ತಿಯೇ ಆಗಬೇಕು. ಇದರಲ್ಲಿ ರಾಜಿ ಇಲ್ಲ.

ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಹೊಸಬರನ್ನು ವಹಿಸಬೇಡಿ. ಮೊದಲ ವಾರ ಪ್ರತಿದಿನ ಕಾಲು ಗಂಟೆ, ಆಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ, ಹೀಗೆ ಆರು ತಿಂಗಳು. ಈ ಸಮಯ ಡ್ಯೂಟಿಯ ಒಳಗೇ ಇರಬೇಕು. ‘ಕೆಲಸ ಮುಗಿದ ಮೇಲೆ ಹೇಳಿಕೊಡು’ ಎಂದರೆ ಅದು ಮೂರನೇ ದಿನಕ್ಕೇ ನಿಲ್ಲುತ್ತದೆ, ದಣಿದ ಇಬ್ಬರೂ ಮಲಗಲು ಹೊರಡುತ್ತಾರೆ. ಜೊತೆಗಾರನಿಗೆ ತಿಂಗಳಿಗೆ ಇಷ್ಟು ಎಂದು ಹೆಚ್ಚುವರಿ ಹಣ ಕೊಡಿ, ಅದನ್ನು ಸಂಬಳದ ಚೀಟಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಐನೂರೇ ಇರಲಿ, ಬೇರೆ ಸಾಲಿನಲ್ಲಿ ಬರೆದಾಗ ಅದೊಂದು ಜವಾಬ್ದಾರಿ ಆಗುತ್ತದೆ.

ಅರ್ಧ ಗಂಟೆಯಲ್ಲಿ ಏನು ಮಾತಾಡಬೇಕು ಎಂಬುದೇ ಹಲವರಿಗೆ ತೊಡಕು. ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ ತನ್ನಿ. ಎಡಕ್ಕೆ ‘ಈ ವಾರ ಕಲಿತದ್ದು’, ಬಲಕ್ಕೆ ‘ಮುಂದಿನ ವಾರ’. ಹೊಸಬ ತನ್ನ ಲಿಪಿಯಲ್ಲೇ ಬರೆಯಲಿ, ಜೊತೆಗಾರ ಕನ್ನಡದಲ್ಲಿ ಬರೆಯಲಿ. ಬರೆಯಲು ಬಾರದಿದ್ದರೆ ಚಿತ್ರ ಸಾಕು. ಆಮೇಲೆ ನಾಲ್ಕು ಪ್ರಶ್ನೆ: ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮನೆಗೆ ಫೋನ್ ಮಾಡಿದೆಯಾ, ಯಾರಾದರೂ ಬೈದರೇ. ಕೊನೆಯ ಪ್ರಶ್ನೆಯನ್ನು ಕೇಳಿ ಸುಮ್ಮನೆ ಕಾಯಬೇಕು. ಉತ್ತರ ಬರಲು ಕೆಲವು ವಾರ ಹಿಡಿಯಬಹುದು.

ಜೊತೆಗಾರನಿಗೂ ಗೆರೆಗಳಿವೆ. ಹೊಸಬನ ಎಟಿಎಂ ಕಾರ್ಡು, ಪಿನ್, ಫೋನು ಇಟ್ಟುಕೊಳ್ಳಬಾರದು. ಸಾಲ ಕೊಡಬಾರದು, ಪಡೆಯಲೂ ಬಾರದು. ತನ್ನ ಸ್ವಂತ ಕೆಲಸ ಮಾಡಿಸಿಕೊಳ್ಳಬಾರದು. ಜೊತೆಗಾರನೇ ಕಾಟ ಕೊಡುವವನಾದರೆ? ಅದಕ್ಕಾಗಿ ಹೊಸಬನಿಗೆ ಎರಡನೆಯ ಬಾಗಿಲೊಂದು ಇರಬೇಕು. ಅಂಗಡಿಗೆ ಸಂಬಂಧವಿಲ್ಲದ ಒಬ್ಬ ನಿವೃತ್ತ ಮೇಷ್ಟರು, ಔಷಧಿ ಅಂಗಡಿಯವರು, ಪಕ್ಕದ ಮನೆಯ ಅಮ್ಮ, ಹೀಗೆ ಒಬ್ಬರ ನಂಬರನ್ನು ಮೊದಲ ದಿನವೇ ಕೊಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿಯ ಹೆಣ್ಣುಮಕ್ಕಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, 181ಕ್ಕೆ ಕರೆ ಮಾಡಬಹುದು. ಜಾರ್ಖಂಡ್, ಒಡಿಶಾಗಳಿಂದ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಬಂದಿರುವ ಹುಡುಗಿಯರಿಗೆ ಈ ಸಮಿತಿಗಳ ಮತ್ತು 181ರ ವಿಷಯ ಅವರ ಭಾಷೆಯಲ್ಲೇ ತಲುಪಬೇಕು.

‘ಬಾ’ ಅಲ್ಲ, ‘ಬನ್ನಿ’

ಕನ್ನಡ ಕಲಿಸುವುದನ್ನು ಅಕ್ಷರಮಾಲೆಯಿಂದ ಶುರುಮಾಡಬೇಡಿ. ಮೊದಲ ವಾಕ್ಯ ‘ನನ್ನ ಹೆಸರು...’ ಕೂಡ ಆಗಬೇಕಿಲ್ಲ. ಎಲ್ಲಕ್ಕಿಂತ ಮೊದಲು ಬೇಕಾದದ್ದು ‘ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ’. ಈ ಒಂದು ಮಾತು ಬಾಯಿಗೆ ಬಂದರೆ ಉಳಿದದ್ದನ್ನು ಅವನೇ ಕಲಿಯುತ್ತಾನೆ. ಅದಿಲ್ಲದವನು ಎಲ್ಲಕ್ಕೂ ತಲೆಯಾಡಿಸಿ, ತಪ್ಪು ಮಾಡಿ, ಬೈಸಿಕೊಂಡು, ಇನ್ನಷ್ಟು ಮೌನಿಯಾಗುತ್ತಾನೆ. ಆಮೇಲೆ ‘ಹುಷಾರಿಲ್ಲ’, ‘ನಾಳೆ ರಜೆ ಬೇಕು’, ‘ತಪ್ಪಾಯ್ತು’, ‘ಸಾಕು’, ‘ಎಷ್ಟು ಬೇಕು’. ನಂತರ ಲೆಕ್ಕ: ಒಂದರಿಂದ ನೂರು, ಕಾಲು, ಅರ್ಧ, ಮುಕ್ಕಾಲು, ಒಂದೂವರೆ.

ಎಲ್ಲರೂ ಗಮನಿಸದ ಒಂದು ಸಂಗತಿ ಇದೆ. ಅಂಗಡಿಯಲ್ಲಿ ಹೊಸಬನ ಕಿವಿಗೆ ಬೀಳುವುದೆಲ್ಲ ಏಕವಚನ: ಬಾರೋ, ತಗೋ, ಎತ್ತು, ಇಡು. ಅವನು ಕಲಿಯುವ ಕನ್ನಡವೂ ಅದೇ. ಒಂದು ದಿನ ಗಿರಾಕಿಗೆ ಮುಗ್ಧವಾಗಿ ‘ಏನು ಬೇಕು ನಿಂಗೆ?’ ಎನ್ನುತ್ತಾನೆ. ಅರವತ್ತು ದಾಟಿದ ಆ ಗಿರಾಕಿ ಸಿಡಿಮಿಡಿಗೊಂಡು ‘ಇವರಿಗೆ ಮರ್ಯಾದೆಯೇ ಗೊತ್ತಿಲ್ಲ’ ಎನ್ನುತ್ತಾರೆ. ಮರ್ಯಾದೆ ಅವನಿಗೆ ಗೊತ್ತಿದೆ, ಆದರೆ ಕನ್ನಡದ ಬಹುವಚನ ಅವನ ಕಿವಿಗೆ ಬಿದ್ದೇ ಇರಲಿಲ್ಲ. ಇದಕ್ಕೆ ಮದ್ದು ಒಂದೇ: ಅಂಗಡಿಯಲ್ಲಿ ಅವನ ಜೊತೆ ‘ಬನ್ನಿ, ತಗೊಳ್ಳಿ, ಹೇಳಿ’ ಎಂದೇ ಮಾತಾಡಿ. ಅವನು ಅದನ್ನೇ ಗಿರಾಕಿಗೆ ಮರಳಿಸುತ್ತಾನೆ. ಇದರ ಜೊತೆಗೆ ಅಂಗಡಿಯ ಗಾಳಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಉಚ್ಚಾರಕ್ಕೆ ನಗಬೇಡಿ. ಒಡಿಯಾ ಭಾಷೆಯಲ್ಲಿ ನಮ್ಮ ‘ಳ’ ಇದೆ, ಒಡಿಶಾದವರು ‘ಹೇಳಿ’, ‘ಕೇಳಿ’ ಎಂದು ಸರಾಗವಾಗಿ ಹೇಳುತ್ತಾರೆ. ಬಿಹಾರ, ಬಂಗಾಳದವರಿಗೆ ಅದು ‘ಹೇಲಿ’ ಆಗುತ್ತದೆ. ಅಸ್ಸಾಮಿ ಆಡುಮಾತಿನಲ್ಲಿ ‘ತ’ ಮತ್ತು ‘ಟ’ ಬೇರೆಬೇರೆಯಾಗಿ ಉಳಿದಿಲ್ಲ, ಹಾಗಾಗಿ ಅಲ್ಲಿನ ಹುಡುಗ ‘ತಟ್ಟೆ’ ಎಂಬಲ್ಲಿ ಎಡವುತ್ತಾನೆ. ಇದು ನಾಲಿಗೆಯ ಅಭ್ಯಾಸ, ದಡ್ಡತನವಲ್ಲ. ಆಂಧ್ರ, ತೆಲಂಗಾಣದವರು ಲಿಪಿಯ ಸಾಮ್ಯದಿಂದ ನಮ್ಮ ಬೋರ್ಡುಗಳನ್ನು ಬೇಗ ಓದತೊಡಗುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ಪಾಠ ಹೊಂದುವುದಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗಾಗಿ ಕಲಿಕಾ ತರಗತಿಗಳನ್ನು ನಡೆಸುತ್ತದೆ, ಕೇಳಿ ನೋಡಿ. ಹಳ್ಳಿಗಳಲ್ಲಿ, ಕಾಫಿ ತೋಟಗಳ ಸುತ್ತ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಸಂಜೆ ಕೂರಲು ಒಳ್ಳೆಯ ಜಾಗ.

ಕಲಿಕೆ ಎರಡೂ ಕಡೆಯಿಂದ ನಡೆಯಲಿ. ‘ಊಟ ಆಯ್ತಾ’ ಎನ್ನುವುದಕ್ಕೆ ಅವನ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಕಲಿತುಕೊಳ್ಳಿ. ಮರುದಿನ ಬೆಳಗ್ಗೆ ಅದನ್ನೇ ಅವನಿಗೆ ಹೇಳಿದಾಗ ಅವನ ಮುಖ ಏನಾಗುತ್ತದೆಂದು ನೋಡಿ.

ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ.

ನೇಮಕಾತಿ ಪತ್ರ ಕೊಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದನ್ನು ಕಡ್ಡಾಯ ಮಾಡಿವೆ. ಸಂಬಳ, ಕೆಲಸದ ಗಂಟೆ, ವಾರದ ರಜೆ ಇವನ್ನು ಸರಳವಾಗಿ ಬರೆದು, ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ. ವಾರಕ್ಕೊಂದು ರಜೆ, ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಅವನ ಹಕ್ಕು. ಹತ್ತು ಜನರಿದ್ದರೆ ಇಎಸ್‌ಐ ಅನ್ವಯವಾಗುತ್ತದೆ: 21,000 ರೂಪಾಯಿವರೆಗಿನ ಸಂಬಳದವರಿಗೆ ನೌಕರರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಇಪ್ಪತ್ತು ಜನರಿದ್ದರೆ ಭವಿಷ್ಯ ನಿಧಿ. ಇವೆರಡೂ ಇಲ್ಲದ ಪುಟ್ಟ ಅಂಗಡಿಯಾದರೆ ಇ-ಶ್ರಮ್ ನೋಂದಣಿ ಮಾಡಿಸಿ. 16ರಿಂದ 59 ವರ್ಷದವರಿಗೆ ಅದು ಉಚಿತ, ಸಹಾಯವಾಣಿ 14434. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎರಡು ಲಕ್ಷದ ಅಪಘಾತ ವಿಮೆ ಕೊಡುತ್ತದೆ. ಆ ಇಪ್ಪತ್ತನ್ನು ನೀವೇ ಕೊಟ್ಟುಬಿಡಿ.

ಆಧಾರ್‌ನಲ್ಲಿ ಊರಿನ ವಿಳಾಸ ಇದೆ ಎಂದು ಬ್ಯಾಂಕಿನವರು ವಾಪಸ್ ಕಳಿಸಿದರೆ ಹುಡುಗ ಮತ್ತೆ ಅಲ್ಲಿಗೆ ಹೋಗುವುದಿಲ್ಲ. 2019ರಲ್ಲೇ ನಿಯಮ ಸಡಿಲವಾಗಿದೆ, ಆಧಾರ್ ಕೊಟ್ಟು ಖಾತೆ ತೆರೆಯುವಾಗ ಈಗಿನ ವಿಳಾಸವನ್ನು ಸ್ವಯಂ ಘೋಷಣೆಯಿಂದ ಕೊಡಬಹುದು. ಜೊತೆಗಾರ ಒಮ್ಮೆ ಜೊತೆಗೆ ಹೋದರೆ ಕೆಲಸ ಆಗುತ್ತದೆ. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ಇರುವುದರಿಂದ ಊರಿನ ಕಾರ್ಡಿನಲ್ಲಿ ಹೆಸರಿದ್ದವನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳೊತ್ತಿ ತನ್ನ ಪಾಲಿನ ಧಾನ್ಯ ಪಡೆಯಬಹುದು. ಬಹುಪಾಲು ಹುಡುಗರಿಗೆ ಇದು ಗೊತ್ತಿಲ್ಲ.

ಅವನ ಮೂಲ ದಾಖಲೆಗಳನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ, ಪ್ರತಿ ಸಾಕು. ಇನ್ನು ಮುಂಗಡ. ಕೈಗೆ ಇಪ್ಪತ್ತು ಸಾವಿರ ಕೊಟ್ಟು ‘ತೀರುವವರೆಗೆ ಬಿಡುವಂತಿಲ್ಲ’ ಎನ್ನುವ ರೂಢಿ ಇಟ್ಟಿಗೆ ಭಟ್ಟಿಗಳಿಂದ ಹೋಟೆಲುಗಳವರೆಗೆ ಇದೆ. ಸಾಲಕ್ಕೆ ದುಡಿಮೆಯನ್ನು ಕಟ್ಟಿಹಾಕುವುದು 1976ರ ಕಾಯ್ದೆಯ ಪ್ರಕಾರ ಜೀತ. ಕಷ್ಟಕ್ಕೆ ಹಣ ಕೊಡಿ, ಕಂತು ಬರೆದುಕೊಳ್ಳಿ, ಆದರೆ ಬಿಟ್ಟು ಹೋಗುವ ಸ್ವಾತಂತ್ರ್ಯವನ್ನು ಅಡವಿಡಿಸಿಕೊಳ್ಳಬೇಡಿ.

ಮೆಟ್ಟಿಲುಗಳನ್ನು ಗೋಡೆಯ ಮೇಲೆ ಬರೆಯಿರಿ

ಟೇಬಲ್ ಒರೆಸಲು ಬಂದವನು ಐದು ವರ್ಷದ ಮೇಲೂ ಟೇಬಲ್ ಒರೆಸುತ್ತಿದ್ದರೆ ಅವನು ಈ ಊರಿಗೆ ಸೇರಿದ್ದಾನೆಂದು ಹೇಳಲು ನನಗೆ ಮನಸ್ಸು ಬಾರದು. ಒಂದು ಬೇಕರಿಯನ್ನೇ ತೆಗೆದುಕೊಳ್ಳಿ. ತಟ್ಟೆ ತೊಳೆಯುವುದು, ತೂಕ ಹಾಕುವುದು, ಹಿಟ್ಟು ಕಲಸುವುದು, ಒಲೆಯ ಮುಂದೆ ನಿಲ್ಲುವುದು, ಕೌಂಟರ್, ಕೊನೆಗೆ ಸಾಮಾನು ತರಿಸುವ ಲೆಕ್ಕ, ಹೀಗೆ ಆರು ಮೆಟ್ಟಿಲು. ಪ್ರತಿಯೊಂದಕ್ಕೂ ಎಷ್ಟು ತಿಂಗಳು, ಏನು ಬಂದರೆ ಮುಂದಿನದಕ್ಕೆ, ಆಗ ಸಂಬಳ ಎಷ್ಟು ಏರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕೌಂಟರನ್ನು ಮಾತ್ರ ನಮ್ಮವರಿಗೇ ಮೀಸಲಿಡುವ ಅಭ್ಯಾಸ ಬಹಳ ಕಡೆ ಇದೆ. ಆದರೆ ಹೊಸಬ ಗಿರಾಕಿಯ ಕಣ್ಣಿಗೆ ಮನುಷ್ಯನಾಗಿ ಕಾಣುವುದು, ಕನ್ನಡ ನಿಜವಾಗಿ ಕಲಿಯುವುದು ಅಲ್ಲೇ. ದಿನಕ್ಕೆ ಒಂದು ಗಂಟೆ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಮೂರಕ್ಕೆ, ಅವನನ್ನು ಅಲ್ಲಿ ನಿಲ್ಲಿಸಿ ನೋಡಿ.

ತರಬೇತಿಗೆ ಸರ್ಕಾರದ ಕೈಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಅಥವಾ ಹೆಚ್ಚು ಜನರಿರುವ ಉದ್ಯಮಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಜನರಿರುವ ಸಣ್ಣವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಇದು ಬಹುತೇಕ ಅಂಗಡಿಯವರಿಗೆ ತಿಳಿಯದ ಸಂಗತಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಕೇಂದ್ರ ಸರ್ಕಾರ ಅಪ್ರೆಂಟಿಸ್‌ನ ಖಾತೆಗೆ ನೇರ ಹಾಕುತ್ತದೆ. ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಕೊನೆಗೆ ಸಿಗುವ ಪ್ರಮಾಣಪತ್ರ ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ. ಆದರೆ ಇದನ್ನು ಅಗ್ಗದ ಕೂಲಿಯ ದಾರಿ ಮಾಡಿಕೊಳ್ಳಬೇಡಿ, ಕಲಿಸುವ ಮನಸ್ಸಿದ್ದರೆ ಮಾತ್ರ ಕೈಹಾಕಿ. ಶಾಲೆ ಅರ್ಧಕ್ಕೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿ ಪರೀಕ್ಷೆ ಇದೆ, ದುಡಿಯುತ್ತಲೇ ಕಟ್ಟಬಹುದು. ಮುಂಬೈಯ ರಾತ್ರಿ ಶಾಲೆಗೆ ಹುಡುಗನನ್ನು ಬಿಟ್ಟುಕೊಟ್ಟ ಮಾಲೀಕನ ಕೆಲಸ ಎಂದರೆ ಇಂದು ಪರೀಕ್ಷೆಯ ದಿನ ಸಂಬಳ ಸಹಿತ ರಜೆ ಕೊಡುವುದು.

‘ಕಲಿಸಿದ ಮೇಲೆ ಬಿಟ್ಟು ಹೋದರೆ?’ ಎಂಬ ಪ್ರಶ್ನೆ ಎಲ್ಲ ಮಾಲೀಕರದೂ. ಸುಳ್ಳು ಭಯವಲ್ಲ ಅದು. 2015ರ ಹೊತ್ತಿಗೆ ಸಿರಿಯಾ, ಅಫ್ಘಾನಿಸ್ತಾನಗಳಿಂದ ಬಂದ ಯುವಕರನ್ನು ತೆಗೆದುಕೊಳ್ಳಲು ಜರ್ಮನಿಯ ಸಣ್ಣ ಉದ್ಯಮಿಗಳೂ ಹಿಂಜರಿದದ್ದು ಇದೇ ಅಳುಕಿನಿಂದ: ತರಬೇತಿಯ ನಡುವೆಯೇ ಹುಡುಗನನ್ನು ದೇಶದಿಂದ ಹೊರಗೆ ಕಳಿಸಿಬಿಟ್ಟರೆ? 2016ರ ಕಾನೂನು ಅದಕ್ಕೆ ‘ಮೂರು ಕೂಡಿಸು ಎರಡು’ ಎಂಬ ದಾರಿ ತೆರೆಯಿತು. ಆಶ್ರಯದ ಅರ್ಜಿ ತಿರಸ್ಕೃತವಾಗಿದ್ದರೂ ಸಾಮಾನ್ಯವಾಗಿ ಮೂರು ವರ್ಷದ ಕಸುಬು ತರಬೇತಿ ಮುಗಿಯುವವರೆಗೆ, ಆಮೇಲೆ ಅದೇ ಕಸುಬಿನಲ್ಲಿ ಎರಡು ವರ್ಷ ದುಡಿಯಲು ಅಲ್ಲೇ ಇರಬಹುದು. ನಾಳೆಯ ಬಗ್ಗೆ ಖಾತರಿ ಸಿಕ್ಕಾಗ ಮಾಲೀಕನೂ ಕಲಿಯುವವನೂ ಮನಸ್ಸಿಟ್ಟು ಕೂತರು. ನಮ್ಮಲ್ಲಿ ಗಡೀಪಾರಿನ ಪ್ರಶ್ನೆಯಿಲ್ಲ, ನಮ್ಮದೇ ದೇಶದ ಮಕ್ಕಳು. ಇಲ್ಲಿ ಖಾತರಿ ಕೊಡಬೇಕಾದದ್ದು ಗೋಡೆಯ ಮೇಲಿನ ಆ ಹಾಳೆ. ಕೆಲವರು ಹೋಗಿಯೇ ಹೋಗುತ್ತಾರೆ. ಹಾಸನದ ಹುಡುಗ ಹೋಗಿ ಇನ್ನೊಂದು ಬೇಕರಿ ತೆರೆದದ್ದರಿಂದ ಬೆಂಗಳೂರಿಗೆ ನಷ್ಟವೇನೂ ಆಗಲಿಲ್ಲ.

ರೈಲು, ಹಬ್ಬ, ವದಂತಿ

2012ರ ಆಗಸ್ಟ್ ಮಧ್ಯದಲ್ಲಿ, ಸ್ವಾತಂತ್ರ್ಯ ದಿನದ ಆಸುಪಾಸು, ಬೆಂಗಳೂರು ನಗರ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬ್ಯಾಗು ಹಿಡಿದು ನೆರೆದರು. ದಾಳಿ ನಡೆಯುತ್ತದೆಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಡಿತ್ತು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು, ಕೇಂದ್ರ ಸರ್ಕಾರ ಕೆಲವು ದಿನ ಸಾಮೂಹಿಕ ಎಸ್‌ಎಂಎಸ್‌ಗೆ ಮಿತಿ ಹಾಕಿತು. ಅಂಗಡಿ, ಹೋಟೆಲು, ಸಲೂನುಗಳು ಒಂದೇ ರಾತ್ರಿಗೆ ಖಾಲಿಯಾದವು. ವರ್ಷಗಟ್ಟಲೆ ಇಲ್ಲಿ ದುಡಿದವರಿಗೆ, ‘ಇದು ನಿಜವೇ?’ ಎಂದು ಫೋನ್ ಮಾಡಿ ಕೇಳಲು, ಉತ್ತರವನ್ನು ನಂಬಲು, ಊರಿನವರೊಬ್ಬರ ನಂಬರ್ ಬೇಕಿತ್ತು. ಎಷ್ಟು ಜನರ ಬಳಿ ಅದು ಇತ್ತು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಜೊತೆಗಾರನ ಕೆಲಸ ಕೊನೆಗೆ ಆ ನಂಬರ್ ಆಗುವುದು.

ಒಂಟಿತನವೂ ಸದ್ದಿಲ್ಲದೆ ಬರುತ್ತದೆ. ಹುಡುಗ ಊಟ ಬಿಟ್ಟರೆ, ರಾತ್ರಿಯಿಡೀ ಫೋನ್ ನೋಡಿದರೆ, ಕುಡಿತ ಶುರುವಾದರೆ ‘ಸೋಮಾರಿ’ ಎನ್ನುವ ಮೊದಲು 14416 ಎಂಬ ಟೆಲಿ ಮಾನಸ್ ಸಹಾಯವಾಣಿಯನ್ನು ತಿಳಿಸಿ. 2022ರಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಕೇಂದ್ರಬಿಂದು. ಕರೆ ಉಚಿತ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು.

ರಜೆಯ ಲೆಕ್ಕವನ್ನು ನಕ್ಷೆ ಇಟ್ಟುಕೊಂಡು ಹಾಕಿ. ಅಸ್ಸಾಮಿಗೆ ಹೋಗಲು ಎರಡು ದಿನಕ್ಕೂ ಮಿಕ್ಕ ಪ್ರಯಾಣ, ಬರಲು ಅಷ್ಟೇ. ನಾಲ್ಕು ದಿನ ರಜೆ ಕೊಟ್ಟರೆ ಅದು ರೈಲಿನಲ್ಲೇ ಮುಗಿಯುತ್ತದೆ, ಹುಡುಗ ಹೇಳದೆ ಉಳಿದುಬಿಡುತ್ತಾನೆ. ವರ್ಷಕ್ಕೊಮ್ಮೆ ಹದಿನೈದು ದಿನ ಒಟ್ಟಿಗೆ ಕೊಡಿ. ಏಪ್ರಿಲ್‌ನಲ್ಲಿ ಅಸ್ಸಾಮಿನ ಬಿಹು, ಜೂನ್ ಮಧ್ಯದಲ್ಲಿ ಒಡಿಶಾದ ರಜ ಹಬ್ಬ, ದೀಪಾವಳಿಯಾದ ಆರನೇ ದಿನ ಬಿಹಾರದ ಛಠ್ ಇವನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ. ರೈಲು ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಯಾರು ಯಾವಾಗ ಹೋಗುತ್ತಾರೆಂದು ಅದಕ್ಕೂ ಮೊದಲೇ ಕೂತು ತೀರ್ಮಾನಿಸಿ, ಹೋಗಿಬರುವ ಎರಡೂ ಟಿಕೆಟನ್ನು ಬುಕಿಂಗ್ ತೆರೆಯುವ ಆಯಾ ದಿನ ಬೆಳಗ್ಗೆ ಎಂಟಕ್ಕೆ ಜೊತೆಗಾರ ಮಾಡಿಸಲಿ. ಜನರಲ್ ಬೋಗಿಯ ಬಾಗಿಲಲ್ಲಿ ಎರಡು ರಾತ್ರಿ ನಿಂತು ಹೋದವನು ಅದೇ ರೀತಿ ವಾಪಸ್ ಬರಲು ಹಿಂದೆಮುಂದೆ ನೋಡುತ್ತಾನೆ.

ಅಂಗಡಿ ಇಲ್ಲದ ಓದುಗರಿಗೂ ಕೆಲಸವಿದೆ. ನಿವೃತ್ತರಾಗಿದ್ದರೆ ಭಾನುವಾರ ಸಂಜೆ ಒಂದು ಗಂಟೆ ಇಬ್ಬರಿಗೆ ಕನ್ನಡ ಹೇಳಿಕೊಡಿ. ಮನೆ ಬಾಡಿಗೆಗೆ ಕೊಡುವವರಾದರೆ ‘ನಾರ್ತ್‌ನವರಿಗೆ ಕೊಡುವುದಿಲ್ಲ’ ಎಂಬ ಮಾತನ್ನು ಬಿಟ್ಟು, ದಾಖಲೆ ನೋಡಿ, ಕರಾರು ಬರೆದು ಕೊಡಿ. ಬಡಾವಣೆಯ ಗಣೇಶೋತ್ಸವದಲ್ಲಿ ಪೆಂಡಾಲ್ ಕಟ್ಟಲು ಮಾತ್ರ ಕರೆಯದೆ ಪಂಕ್ತಿಯಲ್ಲಿ ಕೂರಲೂ ಕರೆಯಿರಿ. ದಿನಾ ಕಾಫಿ ತಂದುಕೊಡುವವನ ಹೆಸರನ್ನು ನಾಳೆ ಬೆಳಗ್ಗೆ ಕೇಳಿ, ನಾಳಿದ್ದು ಆ ಹೆಸರಿನಿಂದಲೇ ಕರೆಯಿರಿ.

ಆರು ತಿಂಗಳಾದ ಮೇಲೆ ಆ ನೋಟ್‌ಬುಕ್ ಹೊಸಬನ ಕೈಗೆ ಹೋಗಲಿ, ಅದು ಅವನದು. ಮುಂದಿನ ಹುಡುಗ ರೈಲಿಳಿದು ಬಂದ ದಿನ ಬೀದಿ ತೋರಿಸಲು ಅವನನ್ನೇ ಕಳಿಸಿ. ಔಷಧಿ ಅಂಗಡಿ, ನೀರು, ಎಟಿಎಂ, ಆಸ್ಪತ್ರೆ ಎಲ್ಲವನ್ನೂ ಅವನೇ ತೋರಿಸಿ ಬರಲಿ. ಆ ತಿಂಗಳಿನಿಂದ ಸಂಬಳದ ಚೀಟಿಯಲ್ಲಿ ಅವನ ಹೆಸರಿನ ಎದುರಿಗೂ ಆ ಬೇರೆ ಸಾಲನ್ನು ಬರೆಯಿರಿ.